ಅಡ್ಡಹೆಸರು ಇಡುವ ಮಾವ, ಅದನ್ನು ನಂಬಿದ ಮಗ

ಪ್ರಶ್ನೆ: ನಮ್ಮದು ಕೊಡಗಿನ ಸಿದ್ದಾಪುರ ಕಡೆ ಸಣ್ಣ ಕಾಫಿ ತೋಟ. ನನ್ನ ಗಂಡನ ದೊಡ್ಡಪ್ಪ ಮಾತಿನಲ್ಲಿ ಬಲು ಜಾಣರು. ಯಾರನ್ನು ಕಂಡರೂ ಅವರ ಗುಣವನ್ನು ಒಂದೇ ಮಾತಲ್ಲಿ ಹಿಡಿದುಬಿಡುತ್ತಾರೆ. ಕೈ ಬಿಗಿ ಮಾಡುವ ನಾದಿನಿ ‘ಬೀಗದ ಕೈ’. ಎಲ್ಲದಕ್ಕೂ ಹೂಂ ಅನ್ನುವ ನನ್ನ ಗಂಡ ‘ಹೂಂಗುಟ್ಟಪ್ಪ’. ಯಾವ ಕೆಲಸವನ್ನೂ ಪೂರ್ತಿ ಮುಗಿಸದ ಭಾವ ‘ಅರ್ಧ ಬೇಲಿ’. ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ, ನಾನೂ ನಕ್ಕಿದ್ದೇನೆ. ಹೋದ ಹುತ್ತರಿ ಹಬ್ಬಕ್ಕೆ ಐನ್‌ಮನೆಯಲ್ಲಿ, ಅಂದರೆ ಮನೆತನದ ಮೂಲ ಮನೆಯಲ್ಲಿ, ಎಲ್ಲರೂ ಸೇರಿದ್ದಾಗ ನನ್ನ 13 ವರ್ಷದ ಮಗನಿಗೆ ‘ಹೊತ್ತೇರಪ್ಪ’ ಅಂತ ಹೆಸರಿಟ್ಟರು, ಬೆಳಗ್ಗೆ ತಡವಾಗಿ ಏಳುತ್ತಾನೆ ಅಂತ. ಈಗ ಅವನೇ ‘ನಾನು ಹೊತ್ತೇರಪ್ಪ ತಾನೇ, ನನ್ನಿಂದ ಆಗಲ್ಲ’ ಅಂತ ಹೋಂವರ್ಕ್ ಬಿಟ್ಟು ಕೂರುತ್ತಾನೆ. ಗಂಡನನ್ನು ಕೇಳಿದರೆ ‘ಹುಟ್ಟುಗುಣ ಸುಟ್ಟರೂ ಹೋಗಲ್ಲ, ಸುಮ್ನಿರು’ ಅನ್ನುತ್ತಾರೆ. ದೊಡ್ಡ ಮಾವ ಹೇಳುವುದು ನಿಜವಾ? ಗುಣ ಬದಲಾಗುತ್ತಾ? ಅಷ್ಟು ಹಿರಿಯರಿಗೆ ನಾನು ಹೇಗೆ ಹೇಳಲಿ?

ಉತ್ತರ: ನಿಮ್ಮ ದೊಡ್ಡ ಮಾವ ಕಂಡಿದ್ದು ನಿಜ ಇರಬಹುದು. ಹುಡುಗ ತಡವಾಗಿ ಏಳುತ್ತಾನೆ, ಅದು ಎಲ್ಲರ ಕಣ್ಣಿಗೂ ಬಿದ್ದಿದೆ. ಆದರೆ ‘ತಡವಾಗಿ ಎದ್ದ’ ಅನ್ನುವುದರಿಂದ ‘ಇವನು ಇಂಥವನು’ ಅನ್ನುವವರೆಗೆ ಒಂದು ದೊಡ್ಡ ಜಿಗಿತ ಇದೆ. ಮಾತು ಚೆನ್ನಾಗಿದ್ದಷ್ಟೂ ಆ ಜಿಗಿತ ಯಾರಿಗೂ ಕಾಣುವುದಿಲ್ಲ. ನಿಮ್ಮ ಮಗನಿಗೂ ಕಂಡಿಲ್ಲ. ಹಾಗಾಗಿ ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಜನರ ಗುಣ ಅಳೆಯುವುದು ಮನುಷ್ಯರಿಗೆ ಬಹಳ ಇಷ್ಟದ ಕೆಲಸ. 1936ರಲ್ಲಿ ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಓಡ್‌ಬರ್ಟ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಇಂಗ್ಲಿಷ್ ನಿಘಂಟು ಹಿಡಿದು ಕೂತು, ಮನುಷ್ಯರನ್ನು ಬಣ್ಣಿಸುವ ಪದಗಳನ್ನೆಲ್ಲ ಹೆಕ್ಕಿದರು. ಸುಮಾರು 18,000 ಸಿಕ್ಕವು. ಅದರಲ್ಲಿ ಸ್ಥಿರವಾದ ಗುಣಗಳನ್ನು ಹೇಳುವಂಥವೇ 4,500ಕ್ಕೂ ಜಾಸ್ತಿ. ಕನ್ನಡದಲ್ಲೂ ನಮಗೆ ಕೊರತೆ ಇಲ್ಲ. ಜಿಪುಣ, ಹುಂಬ, ಚಾಡಿಕೋರ, ಮುಂಗೋಪಿ, ಅಳುಬುರುಕ, ಬಾಯಿಬಡುಕ. ಒಬ್ಬರನ್ನು ಐದು ನಿಮಿಷ ನೋಡಿದರೆ ಸಾಕು, ಇದರಲ್ಲಿ ಒಂದು ಪದ ನಾಲಿಗೆ ತುದಿಗೆ ಬಂದಿರುತ್ತದೆ.

ಹೀಗೆ ಬೇಗ ಅಳೆಯುವಾಗ ಒಂದು ತಪ್ಪು ಮತ್ತೆ ಮತ್ತೆ ಆಗುತ್ತದೆ. ನಿಮ್ಮ ತೋಟದ ಕೊಯ್ಲಿನ ಸಮಯವನ್ನೇ ನೆನಪು ಮಾಡಿಕೊಳ್ಳಿ. ಸಂಜೆ ಕಣದ ಹತ್ತಿರ ತೂಕ ನಡೆಯುತ್ತಿದೆ. ಒಬ್ಬೊಬ್ಬರೇ ಮೂಟೆ ತಂದು ತಕ್ಕಡಿ ಕೊಕ್ಕೆಗೆ ಸಿಕ್ಕಿಸುತ್ತಾರೆ, ರೈಟರ್ ಕಿಲೋ ಬರೆದುಕೊಳ್ಳುತ್ತಾರೆ. ಒಬ್ಬ ಹೆಂಗಸಿನ ಮೂಟೆ ದಪ್ಪ, ಅವಳ ಹಿಂದೆ ನಿಂತವಳ ಮೂಟೆ ಅದರ ಅರ್ಧ. ನೋಡುತ್ತಾ ನಿಂತವರ ಬಾಯಲ್ಲಿ ‘ಇವಳು ಚುರುಕು, ಅವಳು ಸೋಮಾರಿ’ ಅನ್ನುವ ಮಾತು ಬಂದೇ ಬಿಡುತ್ತದೆ. ಹಿಂದೆ ನಿಂತವಳ ಕೈ ನೋಡಿದರೆ ಉಗುರಿನ ಸಂದಿಯಲ್ಲೆಲ್ಲ ಮಣ್ಣು. ಅವಳನ್ನು ಬೆಳಗ್ಗೆ ಕಳಿಸಿದ್ದು ಇಳಿಜಾರಿನ ಕೊನೆಯ ಸಾಲಿಗೆ. ಗಿಡದಲ್ಲಿ ಕಾಯಿ ತೆಳು. ಜೊತೆಗೆ ನೆಲಕ್ಕೆ ಉದುರಿದ್ದನ್ನು ಎಲೆ ಸರಿಸಿ ಒಂದೊಂದೇ ಹೆಕ್ಕಬೇಕು. ಇಡೀ ದಿನ ಬಗ್ಗಿದ್ದವಳು ಅವಳೇ. ಆದರೆ ತಕ್ಕಡಿ ಕಿಲೋ ಮಾತ್ರ ಹೇಳುತ್ತದೆ, ಸಾಲು ಯಾವುದು ಅಂತ ಹೇಳುವುದಿಲ್ಲ.

ಎದುರಿಗಿನವರ ನಡವಳಿಕೆ ಕಂಡಾಗ ಅವರ ಗುಣವನ್ನು ದೂರುತ್ತೇವೆ, ಅವರು ನಿಂತ ಜಾಗವನ್ನು ನೋಡುವುದಿಲ್ಲ. ಲೀ ರಾಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1977ರಲ್ಲಿ ಇದಕ್ಕೊಂದು ಹೆಸರು ಕೊಟ್ಟರು. ಕನ್ನಡದಲ್ಲಿ ಹೇಳುವುದಾದರೆ, ಕಾರಣ ಹುಡುಕುವಾಗ ನಾವು ಮಾಡುವ ಮೂಲ ತಪ್ಪು. ಅದಕ್ಕೂ 10 ವರ್ಷ ಮೊದಲು, 1967ರಲ್ಲಿ, ಎಡ್ವರ್ಡ್ ಜೋನ್ಸ್ ಮತ್ತು ವಿಕ್ಟರ್ ಹ್ಯಾರಿಸ್ ಇದನ್ನು ಪರೀಕ್ಷೆ ಮಾಡಿ ತೋರಿಸಿದ್ದರು. ಕ್ಯೂಬಾದ ಕ್ಯಾಸ್ಟ್ರೋ ಪರವಾಗಿ ಬರೆದ ಪ್ರಬಂಧವನ್ನು ಕೆಲವರಿಗೆ ಓದಲು ಕೊಟ್ಟರು. ‘ಬರೆದವನಿಗೆ ಬೇರೆ ಆಯ್ಕೆ ಇರಲಿಲ್ಲ, ಹೀಗೇ ಬರೆಯಬೇಕು ಅಂತ ಹೇಳಿದ್ದರು’ ಎಂದು ಮೊದಲೇ ತಿಳಿಸಿದ್ದರು. ಆದರೂ ಓದಿದವರು ಬರೆದವನನ್ನು ಕ್ಯಾಸ್ಟ್ರೋ ಕಡೆಯವನು ಅಂತಲೇ ಅಂದಾಜು ಮಾಡಿದರು. ಬಲವಂತ ಇತ್ತು ಅಂತ ಗೊತ್ತಿದ್ದರೂ ಮನಸ್ಸು ಗುಣದ ಕಡೆಗೇ ವಾಲಿತು.

ಇನ್ನೊಂದು ಪರೀಕ್ಷೆ ನನಗೆ ಬಹಳ ಮುಖ್ಯ ಅನಿಸುತ್ತದೆ. 1973ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ ಹುಡುಗರನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಭಾಷಣ ಮಾಡಲು ಕಳಿಸಿದರು. ದಾರಿಯಲ್ಲಿ ಒಬ್ಬ ಮನುಷ್ಯ ಬಾಗಿಲ ಹತ್ತಿರ ಕುಸಿದು ಕೆಮ್ಮುತ್ತಾ ಕೂತಿದ್ದ. ಸಮಯ ಸಾಕಷ್ಟಿದೆ ಅಂತ ಹೇಳಿಸಿಕೊಂಡವರಲ್ಲಿ 63 ಶೇಕಡಾ ಹುಡುಗರು ನಿಂತು ವಿಚಾರಿಸಿದರು. ‘ಬೇಗ ಹೋಗು, ಈಗಾಗಲೇ ತಡ ಆಗಿದೆ’ ಅಂತ ಹೇಳಿಸಿಕೊಂಡವರಲ್ಲಿ ನಿಂತವರು 10 ಶೇಕಡಾ ಮಾತ್ರ. ಕೆಲವರು ಹೋಗುತ್ತಿದ್ದದ್ದು ದಾರಿಯಲ್ಲಿ ಬಿದ್ದವನಿಗೆ ನೆರವಾದ ಒಳ್ಳೆಯ ಮನುಷ್ಯನ ಬೈಬಲ್ ಕತೆಯ ಬಗ್ಗೆ ಮಾತಾಡಲು. ಅದರಿಂದಲೂ ಹೆಚ್ಚು ವ್ಯತ್ಯಾಸ ಆಗಲಿಲ್ಲ. ದಾಟಿ ಹೋದ ಹುಡುಗನನ್ನು ಆ ಹೊತ್ತಲ್ಲಿ ಯಾರಾದರೂ ನೋಡಿದ್ದರೆ ‘ಕಲ್ಲು ಹೃದಯದವನು’ ಅನ್ನುತ್ತಿದ್ದರು. ಅವನಿಗೆ ಇದ್ದದ್ದು ಅವಸರ.

ನಮ್ಮದೇ ವಿಷಯ ಬಂದಾಗ ಲೆಕ್ಕ ತಿರುಗುತ್ತದೆ. ಕೊಡಗಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಹೇಗೆ ಅಂತ ನಿಮಗೆ ಗೊತ್ತಲ್ವಾ? ಒಂದು ತೋಟಕ್ಕೆ ಒಂದು ಇಂಚು ಬಿದ್ದಿರುತ್ತದೆ, ಬೇಲಿಯಾಚೆ ಇಪ್ಪತ್ತು ಸೆಂಟೂ, ಅಂದರೆ ಇಂಚಿನ ಐದನೇ ಒಂದು ಪಾಲೂ, ಇರುವುದಿಲ್ಲ. ಹೂ ಚೆನ್ನಾಗಿ ಅರಳಿದರೆ ‘ಸಮಯ ನೋಡಿ ಸ್ಪ್ರಿಂಕ್ಲರ್ ಹಾಕಿದ್ದೆ’ ಅನ್ನುತ್ತೇವೆ. ಅರಳದಿದ್ದರೆ ‘ಈ ಸಲ ಮಳೆ ಕೈಕೊಟ್ಟಿತು’. ಪಕ್ಕದವರ ತೋಟಕ್ಕೆ ಇದೇ ಮಾತು ತಿರುಗುಮುರುಗು. ಅವರಿಗೆ ಬೆಳೆ ಬಂದರೆ ಅದೃಷ್ಟ, ಹೋದರೆ ಅವರ ಅಸಡ್ಡೆ. ‘ಕುಣಿಯಲಾರದವಳು ನೆಲ ಡೊಂಕು ಅಂದಳು’ ಅನ್ನುವ ಗಾದೆ ಹಿಡಿದಿರುವುದು ಇದನ್ನೇ.

ಇದೆಲ್ಲ ಬರೀ ಜಂಬ ಅಂದುಕೊಳ್ಳಬೇಡಿ. 1979ರಲ್ಲಿ ಮೈಕೆಲ್ ರಾಸ್ ಮತ್ತು ಫಿಯೋರೆ ಸಿಕೋಲಿ ಕೆನಡಾದಲ್ಲಿ 37 ಗಂಡ ಹೆಂಡತಿ ಜೋಡಿಗಳನ್ನು ಬೇರೆ ಬೇರೆಯಾಗಿ ಕೇಳಿದರು. ತಿಂಡಿ ಮಾಡುವುದು, ಪಾತ್ರೆ ತೊಳೆಯುವುದು, ಇಂಥ ಮನೆಯ ಕೆಲಸಗಳಲ್ಲಿ ನಿಮ್ಮ ಪಾಲು ಎಷ್ಟು? ಇಬ್ಬರ ಉತ್ತರವನ್ನು ಕೂಡಿಸಿದರೆ ಹೆಚ್ಚಿನ ಜೋಡಿಗಳಲ್ಲಿ ಮೊತ್ತ ನೂರನ್ನು ದಾಟಿತು. ಕುತೂಹಲದ ಸಂಗತಿ ಏನೆಂದರೆ, ಆ ಪಟ್ಟಿಯಲ್ಲಿ ‘ಜಗಳ ಶುರು ಮಾಡುವುದು’ ಕೂಡ ಇತ್ತು. ಅಂಥ ಕೆಟ್ಟದ್ದರಲ್ಲೂ ಜನ ತಮ್ಮ ಪಾಲನ್ನು ಜಾಸ್ತಿಯೇ ಹೇಳಿಕೊಂಡರು. ಅಂದರೆ ಇಲ್ಲಿ ನೆನಪಿನ ಪಾತ್ರ ದೊಡ್ಡದು. ನಾವು ಮಾಡಿದ್ದು ನಮಗೆ ತಟ್ಟನೆ ನೆನಪಾಗುತ್ತದೆ, ಇನ್ನೊಬ್ಬರು ಮಾಡಿದ್ದು ಕಣ್ಣಿಗೇ ಬಿದ್ದಿರುವುದಿಲ್ಲ. ‘ಈ ಮನೆಗೆ ನಾನೊಬ್ಬಳೇ ದುಡಿದು ಸತ್ತೆ’ ಅನ್ನುವ ಮಾತು ಎಷ್ಟೋ ಮನೆಗಳಲ್ಲಿ ಅತ್ತೆಯ ಬಾಯಲ್ಲೂ ಸೊಸೆಯ ಬಾಯಲ್ಲೂ ಒಂದೇ ದಿನ ಕೇಳಿಸುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಜಂಬಕ್ಕೂ ಜಾಗ ಇದೆ, ಅದು ಬೇರೆ ಮಾತು. 1981ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಅಮೆರಿಕದ 93 ಶೇಕಡಾ ಮಂದಿ, ಸ್ವೀಡನ್ನಿನ 69 ಶೇಕಡಾ ಮಂದಿ, ಗುಂಪಿನ ಅರ್ಧ ಜನರಿಗಿಂತ ತಾವೇ ಚೆನ್ನಾಗಿ ಗಾಡಿ ಓಡಿಸುತ್ತೇವೆ ಅಂದುಕೊಂಡಿದ್ದರು. ಮಡಿಕೇರಿ ಘಾಟಿಯ ತಿರುವಿನಲ್ಲಿ ಎದುರಾಗುವ ಪ್ರತಿ ಗಾಡಿಯವನನ್ನೂ ‘ಇವನಿಗೆ ಲೈಸೆನ್ಸ್ ಯಾರು ಕೊಟ್ಟರು’ ಅಂತ ಕೇಳುವವರು ಎರಡೂ ದಿಕ್ಕಿನಲ್ಲಿ ಹೋಗುತ್ತಿರುತ್ತಾರೆ.

ಇನ್ನು ನಿಮ್ಮ ದೊಡ್ಡ ಮಾವನಂಥವರಿಗೆ ಹತ್ತಿರದ ಸಂಗತಿ. 2002ರಲ್ಲಿ ಎಮಿಲಿ ಪ್ರೋನಿನ್, ಡೇನಿಯಲ್ ಲಿನ್ ಮತ್ತು ಲೀ ರಾಸ್ ಇಂಥ ಪಕ್ಷಪಾತಗಳ ವಿವರವನ್ನು ಜನರ ಮುಂದೆ ಇಟ್ಟು, ‘ಇದು ಬೇರೆಯವರಲ್ಲಿ ಎಷ್ಟಿದೆ, ನಿಮ್ಮಲ್ಲಿ ಎಷ್ಟಿದೆ’ ಅಂತ ಕೇಳಿದರು. ಬೇರೆಯವರಲ್ಲಿ ಜಾಸ್ತಿ, ನನ್ನಲ್ಲಿ ಕಮ್ಮಿ ಅನ್ನುವ ಉತ್ತರವೇ ಬಂತು. ಬೇರೆಯವರ ಎಲೆಯ ನೊಣ ಕಾಣುತ್ತದೆ, ತನ್ನ ಎಲೆಯ ಹೆಗ್ಗಣ ಕಾಣುವುದಿಲ್ಲ ಅನ್ನುತ್ತಾರಲ್ಲ, ಅದೇ. ಜನರ ಕುಂದು ಗುರುತಿಸುವುದರಲ್ಲಿ ಪಳಗಿದವರಿಗೆ ತಮ್ಮ ಕುಂದೂ ಚೆನ್ನಾಗಿ ಕಾಣುತ್ತದೆ ಅಂತ ಭಾವಿಸಬೇಡಿ. ಅವು ಎರಡು ಬೇರೆ ಬೇರೆ ಕೆಲಸಗಳು.

ಹಾಗಾದರೆ ಜನರ ಗುಣದ ಬಗ್ಗೆ ಚುರುಕಾಗಿ ಮಾತಾಡುವುದೇ ತಪ್ಪಾ? ಖಂಡಿತ ಅಲ್ಲ. ನಮ್ಮ ಗಾದೆಗಳನ್ನು ನೋಡಿ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ. ಹೆತ್ತವರಿಗೆ ಹೆಗ್ಗಣ ಮುದ್ದು. ಅತ್ತೆ ಒಡೆದರೆ ಹಳೇ ಪಾತ್ರೆ, ಸೊಸೆ ಒಡೆದರೆ ಹೊಸ ಪಾತ್ರೆ. ಒಂದೊಂದರಲ್ಲೂ ಮನುಷ್ಯ ಸಿಕ್ಕಿಬಿದ್ದಿದ್ದಾನೆ, ಅದೂ ಎಷ್ಟು ಸಣ್ಣ ಮಾತಿನಲ್ಲಿ! ಇವುಗಳ ಒಳ್ಳೆಯತನ ಇರುವುದು ಇಲ್ಲೇ: ಗಾದೆಯಲ್ಲಿ ಯಾರ ಹೆಸರೂ ಇಲ್ಲ, ಮನೆತನ ಇಲ್ಲ. ಬೇಕಾದವರು ಅಂಗಿ ಹಾಕಿ ನೋಡಬಹುದು, ಹೊಂದಿದರೆ ಒಳಗೊಳಗೇ ನಕ್ಕು ಬಿಚ್ಚಿಡಬಹುದು. ಅಡ್ಡಹೆಸರನ್ನು ಹಾಗೆ ಬಿಚ್ಚಿಡಲು ಆಗುವುದಿಲ್ಲ. ಅದು ಒಬ್ಬನ ಮೇಲೇ ಹೊಲಿದದ್ದು.

ಬೈಗುಳಕ್ಕೂ ಮರ್ಯಾದೆಯ ಜಾಗ ಇಟ್ಟವರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ. ತಿತಿಮತಿ ಹತ್ತಿರದ ದೇವರಪುರದಲ್ಲಿ ಮೇ ತಿಂಗಳಲ್ಲಿ ಕುಂಡೆ ಹಬ್ಬ ಆಗುತ್ತದೆ. ಸುತ್ತಲಿನ ಹಾಡಿಗಳ ಜೇನುಕುರುಬರು, ಬೆಟ್ಟಕುರುಬರು, ಯರವರು ವೇಷ ಹಾಕಿ ಹೊರಡುತ್ತಾರೆ. ಗಂಡಸರು ಸೀರೆ ಉಡುತ್ತಾರೆ. ಡಬ್ಬ ಬಡಿಯುತ್ತಾ, ಕುಣಿಯುತ್ತಾ, ಗೋಣಿಕೊಪ್ಪದ ಬೀದಿಯಲ್ಲಿ ಬಸ್ಸು, ಕಾರು ತಡೆದು ಕಾಸು ಕೇಳುತ್ತಾರೆ, ಸಿಕ್ಕಿದವರಿಗೆಲ್ಲ ಬೈಯುತ್ತಾರೆ. ತೋಟದ ಸಾಹುಕಾರರಿಗೂ ಬೈಗುಳ, ಅಧಿಕಾರಿಗೂ ಬೈಗುಳ. ಕೊನೆಗೆ ದೇವರಿಗೂ ಬಿಡುವುದಿಲ್ಲ. ಬೇಟೆಗೆ ಕರೆದುಕೊಂಡು ಹೋದ ಅಯ್ಯಪ್ಪ ಭದ್ರಕಾಳಿಯನ್ನು ಕಂಡು ತಮ್ಮನ್ನು ಕಾಡಿನಲ್ಲೇ ಬಿಟ್ಟು ಅವಳ ಹಿಂದೆ ಹೋದ ಅನ್ನುವುದು ಅವರ ದೂರು. ಆ ಬೈಗುಳ ಕೇಳಿ ಯಾರೂ ಮನೆಗೆ ಹೋಗಿ ಅಳುವುದಿಲ್ಲ. ಬೈಗುಳ ಎಲ್ಲರಿಗೂ ಬಿದ್ದಿದೆ, ದಿನ ಗೊತ್ತುಮಾಡಿದೆ, ಬೈಯುವವರು ವರ್ಷವಿಡೀ ಬೈಸಿಕೊಂಡವರು, ಮಾರನೇ ದಿನಕ್ಕೆ ಬಾಕಿ ಇಲ್ಲ.

ಐನ್‌ಮನೆಯ ಜಗಲಿಯ ಐಮರದ ಮೇಲೆ ಕೂತ ಹಿರಿಯರು 13 ವರ್ಷದ ಹುಡುಗನಿಗೆ ಹೆಸರಿಟ್ಟಾಗ ಇದ್ಯಾವುದೂ ಇರುವುದಿಲ್ಲ. ಹುಡುಗ ತಿರುಗಿ ಅವರಿಗೊಂದು ಹೆಸರಿಡುವ ಹಾಗಿಲ್ಲ. ಮಾರನೇ ದಿನವೂ, ಮುಂದಿನ ಹುತ್ತರಿಗೂ ಆ ಹೆಸರು ಇದ್ದೇ ಇರುತ್ತದೆ. ನಕ್ಕವರಿಗೆ ಅದು ಪ್ರೀತಿಯ ಮಾತಾಗಿ ಕೇಳಿಸಿರುತ್ತದೆ. 2006ರಲ್ಲಿ ಜಸ್ಟಿನ್ ಕ್ರೂಗರ್ ಮತ್ತು ಜೊತೆಯವರು ಚುಡಾಯಿಸುವುದರ ಬಗ್ಗೆ ಮಾಡಿದ ಅಧ್ಯಯನದಲ್ಲಿ ಇದು ಸ್ಪಷ್ಟವಾಗಿ ಕಂಡಿತು. ಚುಡಾಯಿಸುವವರಿಗೆ ತಮ್ಮ ಮನಸ್ಸಿನ ಒಳ್ಳೆಯ ಉದ್ದೇಶ ಕಾಣುತ್ತಿರುತ್ತದೆ. ಚುಡಾಯಿಸಿಕೊಂಡವರಿಗೆ ಅದು ಅಷ್ಟಾಗಿ ಕಾಣುವುದಿಲ್ಲ, ಅವರಿಗೆ ಮಾತು ಮಾತ್ರ ಮುಟ್ಟುತ್ತದೆ.

ಈಗ ನಿಮ್ಮ ಮಗ. ಅವನು ‘ನಾನು ಹೊತ್ತೇರಪ್ಪ ತಾನೇ’ ಅನ್ನುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇಟ್ಟ ಹೆಸರಿನ ಹಾಗೆ ಮಕ್ಕಳು ನಡೆಯುವುದುಂಟು. 1975ರಲ್ಲಿ ಶಿಕಾಗೋದ ಐದನೇ ತರಗತಿ ಮಕ್ಕಳ ಮೇಲೆ ಒಂದು ಪ್ರಯೋಗ ನಡೆಯಿತು. ಒಂದು ತರಗತಿಗೆ ‘ಕಸ ಹಾಕಬೇಡಿ, ಚೊಕ್ಕಟವಾಗಿರಿ’ ಅಂತ ದಿನಾ ಬುದ್ಧಿ ಹೇಳಿದರು. ಇನ್ನೊಂದು ತರಗತಿಗೆ ಬುದ್ಧಿ ಹೇಳಲೇ ಇಲ್ಲ. ‘ನೀವು ಚೊಕ್ಕಟವಾದ ಮಕ್ಕಳು’ ಅಂತ ಅಂದರು, ಅಷ್ಟೇ. ಆಮೇಲೆ ಕಸ ಕಮ್ಮಿ ಹಾಕಿದ್ದು ಎರಡನೆಯವರು. ಕೆಲವು ದಿನ ಬಿಟ್ಟು ನೋಡಿದಾಗಲೂ ಅವರೇ ಮುಂದೆ ಇದ್ದರು. ಒಳ್ಳೆಯ ಹೆಸರು ಹೀಗೆ ಕೆಲಸ ಮಾಡುತ್ತದೆ ಅಂದಮೇಲೆ ಕೆಟ್ಟ ಹೆಸರು ಸುಮ್ನೆ ಇರುತ್ತದೆ ಅಂತ ನಾನು ನಂಬುವುದಿಲ್ಲ. ಹೋಂವರ್ಕ್ ಮುಂದೆ ಕೂತಾಗ ಅವನ ಕೈಗೆ ಒಂದು ಸುಲಭದ ಕಾರಣ ಸಿಕ್ಕಿದೆ. ಅದನ್ನು ಕೊಟ್ಟವರು ಮನೆಯ ಹಿರಿಯರು, ಒಪ್ಪಿ ನಕ್ಕವರು ಇಡೀ ಮನೆತನ.

ನಿಮ್ಮ ಯಜಮಾನರ ಗಾದೆಗೆ ಬರೋಣ. ಹುಟ್ಟುಗುಣ ಅನ್ನುವುದು ಇದೆ. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಜನರ ನಡುವಿನ ಗುಣವ್ಯತ್ಯಾಸದಲ್ಲಿ ಸುಮಾರು 40ರಿಂದ 50 ಶೇಕಡಾ ಅನುವಂಶೀಯ. ಉಳಿದದ್ದು ಸಣ್ಣದೇನಲ್ಲ ಅಲ್ವಾ? ಹುಟ್ಟಿನಿಂದ ಬಂದದ್ದೂ ಕದಲದೆ ಕೂತಿರುವುದಿಲ್ಲ. ಬ್ರೆಂಟ್ ರಾಬರ್ಟ್ಸ್ ಮತ್ತು ಜೊತೆಯವರು 2006ರಲ್ಲಿ, ವರ್ಷಗಟ್ಟಲೆ ಒಂದೇ ಜನರನ್ನು ಹಿಂಬಾಲಿಸಿದ 92 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ವಯಸ್ಸಾಗುತ್ತಾ ಜನ ಹೆಚ್ಚು ಶಿಸ್ತಿನವರಾಗುತ್ತಾರೆ, ಮನಸ್ಸು ಹೆಚ್ಚು ಸ್ಥಿರವಾಗುತ್ತದೆ. ದೊಡ್ಡ ಬದಲಾವಣೆ 20ರಿಂದ 40 ವರ್ಷದ ನಡುವೆ. ನಿಮ್ಮ ಮಗ ಆ ವಯಸ್ಸಿಗೆ ಇನ್ನೂ ಕಾಲೇ ಇಟ್ಟಿಲ್ಲ. 2017ರಲ್ಲಿ ರಾಬರ್ಟ್ಸ್ ಮತ್ತು ಬೇರೆ ಕೆಲವರು, ಆಪ್ತಸಲಹೆ ಮತ್ತು ಚಿಕಿತ್ಸೆಯಂಥ ನೆರವು ಪಡೆದವರ 207 ಅಧ್ಯಯನಗಳನ್ನು ನೋಡಿದರು. ಆ ನೆರವು ನಡೆದದ್ದು ಸರಾಸರಿ 24 ವಾರ. ಅಷ್ಟರಲ್ಲೇ ಗುಣದಲ್ಲಿ ಅಳೆಯಬಹುದಾದ ಬದಲಾವಣೆ ಕಂಡಿತು. ಆತಂಕ, ಅಂಜಿಕೆ ಇರುವವರಲ್ಲಿ ಮುಖ್ಯವಾಗಿ. ‘ಸಹವಾಸದಿಂದ ಸನ್ಯಾಸಿ ಕೆಟ್ಟ’ ಅನ್ನುವುದೂ ನಮ್ಮದೇ ಗಾದೆ. ಸನ್ಯಾಸಿಯೇ ಕೆಡಬಹುದು ಅಂತಾದರೆ ಹುಡುಗ ತಿದ್ದಿಕೊಳ್ಳಲು ಏನಡ್ಡಿ?

ಇನ್ನು ತಡವಾಗಿ ಏಳುವುದು. ಇದನ್ನು ಮೊದಲು ದೇಹದ ವಿಷಯವಾಗಿ ನೋಡಿ. ಹರೆಯ ಶುರುವಾದಾಗ ಮಕ್ಕಳ ನಿದ್ದೆಯ ಗಡಿಯಾರ ಹಿಂದಕ್ಕೆ ಸರಿಯುತ್ತದೆ. ರಾತ್ರಿ ಬೇಗ ನಿದ್ದೆ ಬರುವುದಿಲ್ಲ, ಬೆಳಗ್ಗೆ ಕಣ್ಣು ಬಿಡಲು ಆಗುವುದಿಲ್ಲ. ಅದಕ್ಕೇ ಅಮೆರಿಕದ ಮಕ್ಕಳ ವೈದ್ಯರ ಸಂಘ 2014ರಲ್ಲಿ, ದೊಡ್ಡ ಮಕ್ಕಳ ಶಾಲೆ ಬೆಳಗ್ಗೆ 8.30ಕ್ಕಿಂತ ಮುಂಚೆ ಶುರುವಾಗಬಾರದು ಅಂತ ಹೇಳಿತು. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ತೋಟದ ಮನೆಯಿಂದ ಶಾಲೆಗೆ ಹೋಗುವ ಮಕ್ಕಳು ಬಸ್ಸಿಗಾಗಿ ಎಷ್ಟು ಹೊತ್ತಿಗೆ ಗೇಟಿನ ಹತ್ತಿರ ನಿಲ್ಲಬೇಕು ಅಂತ ನಿಮಗೇ ಗೊತ್ತು. ಅವನು ನಿಜವಾಗಿ ಎಷ್ಟು ಗಂಟೆ ಮಲಗುತ್ತಾನೆ ಅಂತ ಒಂದು ವಾರ ಬರೆದಿಡಿ. ರಾತ್ರಿ ಮೊಬೈಲ್ ಹಾಸಿಗೆಯಿಂದ ದೂರ ಇರಲಿ. ರಜೆಯಲ್ಲಿ ಎರಡು ಗಂಟೆ ಹೆಚ್ಚು ಮಲಗಿದರೆ ರೇಗಬೇಡಿ.

ಮಾತಿನಲ್ಲಿ ಗುಣ ಬಿಟ್ಟು ಕೆಲಸವನ್ನು ಹೇಳಿ. ‘ಸೋಮಾರಿ’ ಅನ್ನುವ ಬದಲು ‘ಇವತ್ತು ಲೆಕ್ಕದ ಎರಡು ಪ್ರಶ್ನೆ ಬಾಕಿ ಇದೆ’. ಅವನು ‘ನಾನು ಹೊತ್ತೇರಪ್ಪ’ ಅಂದಾಗ ‘ಹಾಗನ್ನಬೇಡ’ ಅಂತ ವಾದಕ್ಕೆ ಇಳಿಯಬೇಡಿ. ‘ಮೊನ್ನೆ ನಾಯಿಮರಿಗೆ ಹುಷಾರಿಲ್ಲ ಅಂತ ಐದು ಗಂಟೆಗೆ ಎದ್ದವನು ಯಾರು?’ ಅಂತ ಕೇಳಿ. ಅಂಥ ಒಂದು ನಿಜವಾದ ಘಟನೆ ನಿಮ್ಮ ಮನೆಯಲ್ಲಿ ಇದ್ದೇ ಇರುತ್ತದೆ. ಹುಡುಕಿಟ್ಟುಕೊಳ್ಳಿ. ಸುಳ್ಳು ಹೊಗಳಿಕೆ ಬೇಡ, ಈ ವಯಸ್ಸಿನ ಮಕ್ಕಳು ಅದನ್ನು ತಕ್ಷಣ ಹಿಡಿಯುತ್ತಾರೆ.

ದೊಡ್ಡ ಮಾವನ ಹತ್ತಿರ ಒಬ್ಬರೇ ಇದ್ದಾಗ ಮಾತಾಡಿ. ಜನರ ಮುಂದೆ ಹೇಳಿದರೆ ಅವರು ಇನ್ನೊಂದು ಚಟಾಕಿ ಹಾರಿಸದೆ ವಿಧಿ ಇರುವುದಿಲ್ಲ. ನೀವು ‘ಕುಹಕದ ಮಾತಾಡುತ್ತೀರಿ’ ಅಂತ ಶುರು ಮಾಡಿದರೆ ನೀವೂ ಅವರಿಗೊಂದು ಹಣೆಪಟ್ಟಿ ಕಟ್ಟಿದ ಹಾಗೆ ಆಗುತ್ತದೆ. ಆಗಿದ್ದನ್ನಷ್ಟೇ ಹೇಳಿ. ‘ಮಾವ, ನೀವು ಹೇಳಿದ ಮಾತನ್ನು ಅವನು ಮನಸ್ಸಿಗೆ ಹಚ್ಚಿಕೊಂಡಿದ್ದಾನೆ. ಪುಸ್ತಕ ಮುಚ್ಚಿಟ್ಟು ಅದೇ ಹೆಸರು ಹೇಳುತ್ತಾನೆ. ನಿಮ್ಮ ಮಾತಿಗೆ ಅವನು ಬೆಲೆ ಕೊಡುತ್ತಾನೆ, ಅದಕ್ಕೇ ನಿಮ್ಮ ಹತ್ತಿರವೇ ಬಂದೆ.’ ಇದರಲ್ಲಿ ದೂರು ಇಲ್ಲ, ಸುಳ್ಳೂ ಇಲ್ಲ. ಆಮೇಲೆ ಒಂದು ಕೆಲಸ ಕೇಳಿ: ಹುಡುಗನನ್ನು ಒಂದು ಭಾನುವಾರ ತೋಟಕ್ಕೆ ಕರೆದುಕೊಂಡು ಹೋಗಿ ಮೆಣಸಿನ ಬಳ್ಳಿ ಕಟ್ಟುವುದನ್ನೋ, ಗಿಡದ ಚಿಗುರು ತೆಗೆಯುವುದನ್ನೋ ಕಲಿಸಲಿ. ಒಟ್ಟಿಗೆ ಕೆಲಸ ಮಾಡಿದಾಗ ಜನರ ಕಣ್ಣಿಗೆ ಬೇರೆ ಬೇರೆ ಸಂಗತಿಗಳು ಬೀಳುತ್ತವೆ. ಇಷ್ಟು ಚೆನ್ನಾಗಿ ಗಮನಿಸುವ ಹಿರಿಯರಿಗೆ ಅದು ಬೀಳದೆ ಇರುವುದಿಲ್ಲ.

ನಿಮ್ಮ ಯಜಮಾನರನ್ನೂ ಒಮ್ಮೆ ನಿಧಾನವಾಗಿ ಕೇಳಿ, ‘ಹೂಂಗುಟ್ಟಪ್ಪ’ ಅನ್ನುವ ಹೆಸರು ಅವರಿಗೆ ಯಾವ ವಯಸ್ಸಿನಲ್ಲಿ ಬಂತು, ಆಗ ಹೇಗನಿಸಿತು ಅಂತ. ಅವರು ‘ಸುಮ್ನಿರು’ ಅನ್ನುವುದಕ್ಕೆ ಅಲ್ಲೇ ಕಾರಣ ಇರಬಹುದು.

ಇಷ್ಟೆಲ್ಲ ಮಾಡಿಯೂ ಹುಡುಗ ಎರಡು ವಾರಕ್ಕಿಂತ ಜಾಸ್ತಿ ಮಂಕಾಗಿದ್ದರೆ, ಊಟ ಬಿಟ್ಟರೆ, ಆಟ ಮತ್ತು ಗೆಳೆಯರಲ್ಲಿ ಆಸಕ್ತಿ ಕಳೆದುಕೊಂಡರೆ ಅದನ್ನು ಸೋಮಾರಿತನದ ಲೆಕ್ಕಕ್ಕೆ ಹಾಕಬೇಡಿ. ಶಾಲೆಯ ಆಪ್ತಸಲಹೆಗಾರರನ್ನೋ, ಮಡಿಕೇರಿಯ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನೋ ನೋಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಾಗಿಲ್ಲ.